ಕೌದಿಯ ಹೊಟ್ಟೆಯ ಬಗ್ಗೆ ನಾನು ಆಡಿದ ಮಾತು

ಮಾತಿನ ಬಲದಿಂದ ಒಬ್ಬರ ತಲೆಯ ಮೇಲೆ ಒಂದು ತಪ್ಪನ್ನು ಹೊರಿಸಿ, ಅದು ಅವರದಲ್ಲವೆಂದು ಆಮೇಲೆ ತಿಳಿದಾಗ, ಆ ಹೊರೆಯನ್ನು ಇಳಿಸಲು ನೀವು ಎಂದಾದರೂ ಪ್ರಯತ್ನಿಸಿದ್ದುಂಟೆ? ಹೊರಿಸುವುದಕ್ಕೆ ನನಗೆ ಒಂದು ಸಂಜೆ ಸಾಕಾಯಿತು. ಇಳಿಸುವುದು ಈವರೆಗೂ ಆಗಿಲ್ಲ.

ಈ ವರ್ಷ ನವರಾತ್ರಿಗೆ ಕೆಲವೇ ದಿನಗಳಿರುವಾಗ ಹುಕ್ಕೇರಿಯಿಂದ ಗೋಕಾಕಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ಹೊಳೆಯ ಸೇತುವೆಯ ಬಳಿ ಗೋವಿನಜೋಳ ತುಂಬಿದ ಟ್ರ್ಯಾಕ್ಟರೊಂದು ದಾರಿಗೆ ಅಡ್ಡವಾಗಿ ನಿಂತಿದ್ದರಿಂದ ಬಸ್ಸೂ ನಿಂತಿತು. ಕೆಳಗೆ ದಂಡೆಯ ಬಂಡೆಗಳ ಮೇಲೆ ಹೆಂಗಸರು ಹಳೆಯ ಬಟ್ಟೆಗಳನ್ನು ಪದರಪದರವಾಗಿ ಕೂಡಿಸಿ ಹೊಲಿದ ಕೌದಿಗಳನ್ನು ಒಗೆಯುತ್ತಿದ್ದರು. ಹಬ್ಬಕ್ಕೆ ಮೊದಲು ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಹೊಳೆಗೋ ಹಳ್ಳಕ್ಕೋ ಒಯ್ದು ತೊಳೆಯುವುದು ನಮ್ಮ ಕಡೆಯ ರೂಢಿ. ಸೋಡಾ ಪುಡಿಯಲ್ಲಿ ನೆನೆದ ಹಳೆಯ ಹತ್ತಿಯ ವಾಸನೆ ಕಿಟಕಿಯಿಂದ ಒಳಗೆ ಬಂತು. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ತನ್ನ ಮಗಳಿಗೆ ಹೇಳಿದಳು: "ನೋಡಲ್ಲೆ, ಇನ್ನೂ ಕೌದಿ ಒಗೀತಾರ ಮಂದಿ. ಅದರ ಹೊಟ್ಟ್ಯಾಗ ರೊಟ್ಟಿ ಇಡ್ತಾರಲ್ಲ, ಆ ರೊಟ್ಟಿ ತಿಂದ ಹುಳ ಮಕ್ಕಳ ಉಸರು ತಿಂತಾವಂತ. ದೊಡ್ಡ ಡಾಕ್ಟರ್ ಒಬ್ಬರು ಹೇಳ್ಯಾರ."

ಆ ಮಾತನ್ನು ಹೇಳಿದ್ದು ಯಾವ ಡಾಕ್ಟರೂ ಅಲ್ಲ. ಹೇಳಿದವಳು ನಾನು. ಅದನ್ನು ಆಕೆಗೆ ತಿಳಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಬಸ್ಸು ಹೊರಟಿತು, ಆಕೆ ಮುಂದಿನ ನಿಲ್ದಾಣದಲ್ಲಿ ಇಳಿದುಹೋದಳು. ನಾನು ಸುಮ್ಮನೆ ಕುಳಿತಿದ್ದೆ. ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲ ಪೂರ್ತಿಯಾಗಿ ಕಣ್ಣ ಮುಂದೆ ಬಂದು ನಿಂತಿತು.

ಆಗ ನಾನು ಓದು ಮುಗಿಸಿ ಹೆಚ್ಚು ಕಾಲವಾಗಿರಲಿಲ್ಲ. ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಯೇ ನನ್ನ ಉಸಿರು. ವಿಷಯದ ಪರವಾಗಿಯೂ ವಿರೋಧವಾಗಿಯೂ ಅಷ್ಟೇ ನಿಷ್ಠೆಯಿಂದ ಮಾತನಾಡುವ ಅಭ್ಯಾಸ ನನಗಿತ್ತು. ಎದುರಾಳಿಯ ವಾದದಲ್ಲಿ ಅತ್ಯಂತ ಮೃದುವಾದ ಜಾಗ ಯಾವುದೆಂದು ಹುಡುಕಿ, ಅಲ್ಲಿಯೇ ಒಂದು ಚುರುಕಾದ ವಾಕ್ಯವನ್ನು ಇಳಿಸಬೇಕು, ಆ ವಾಕ್ಯ ಸಭಿಕರ ನಾಲಿಗೆಯ ಮೇಲೆ ಮನೆಯವರೆಗೂ ಹೋಗಬೇಕು: ಇದು ನಾನು ಕಲಿತ ವಿದ್ಯೆ. ಸಮಾಜವನ್ನು ತಿದ್ದುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಧನವಿಲ್ಲವೆಂದು ನಂಬಿದ್ದೆ. ಆದ್ದರಿಂದ ಉಬ್ಬಸ ಮತ್ತು ಅಲರ್ಜಿಯ ಮೇಲಿನ ಒಂದು ವೈದ್ಯಕೀಯ ಅಧ್ಯಯನಕ್ಕೆ ಹಳ್ಳಿಗಳಲ್ಲಿ ಜನರನ್ನು ಸೇರಿಸಿ ಮಾತನಾಡಬಲ್ಲ ಹೆಣ್ಣುಮಗಳೊಬ್ಬಳು ಬೇಕೆಂದು ತಿಳಿದಾಗ, ಆ ಕೆಲಸ ನನಗೋಸ್ಕರವೇ ಹುಟ್ಟಿದೆ ಎನ್ನಿಸಿತು.

ಅಧ್ಯಯನ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಕೆಲವು ಹಳ್ಳಿಗಳಲ್ಲಿ ನಡೆಯಬೇಕಿತ್ತು. ಮಳೆಗಾಲ ಬಂದೊಡನೆ ಈ ಭಾಗದಲ್ಲಿ ದಮ್ಮು ಏಕೆ ಹೆಚ್ಚುತ್ತದೆ, ಮನೆಯೊಳಗಿನ ಯಾವ ವಸ್ತು ಯಾರ ಉಸಿರನ್ನು ಕೆಣಕುತ್ತದೆ ಎಂಬುದು ಅದರ ಪ್ರಶ್ನೆ. ಘಟಪ್ರಭಾದ ರೈಲು ನಿಲ್ದಾಣದ ಸಮೀಪ ಎರಡು ಕೋಣೆಗಳ ಬಾಡಿಗೆಯ ಜಾಗ ನಮ್ಮ ಕಚೇರಿ. ಮುಖ್ಯಸ್ಥರು ಧಾರವಾಡದ ಕಡೆಯ ಒಬ್ಬ ಶ್ವಾಸಕೋಶ ತಜ್ಞರು. ನಮಗೂ ಹಳ್ಳಿಯವರಿಗೂ ಅವರು ಡಾಕ್ಟರ್ ಸಾಹೇಬರು. ಮಾತು ಕಡಿಮೆ. ಒಂದು ವಾಕ್ಯವನ್ನು ಆರಂಭಿಸಿ, ಅದು ನಿಜವೇ ಎಂದು ನಡುವೆ ನಿಂತು ಯೋಚಿಸುವ ಸ್ವಭಾವ. ಚರ್ಚೆಯ ವೇದಿಕೆಯಲ್ಲಿ ಇವರು ಮೊದಲ ಸುತ್ತಿನಲ್ಲೇ ಸೋಲುತ್ತಿದ್ದರು ಎಂದು ನಾನು ಮನಸ್ಸಿನಲ್ಲೇ ನಕ್ಕಿದ್ದುಂಟು.

ಮುಂಗಾರಿನ ಮೊದಲ ಮಿರಗದ ಮಳೆ ಹಿಡಿದ ವಾರದಲ್ಲಿ ಕೆಲಸ ಆರಂಭವಾಯಿತು. ಒಂದು ಯಂತ್ರದ ಕೊಳವೆಗೆ ಬಾಯಿಟ್ಟು ಜೋರಾಗಿ ಊದಿಸಿ ಶ್ವಾಸಕೋಶದ ಬಲವನ್ನು ಅಳೆಯುತ್ತಿದ್ದೆವು. ಮುಂಗೈ ಮೇಲೆ ಹನಿಹನಿಯಾಗಿ ಧೂಳಿನ, ಪರಾಗದ, ಬೂಷ್ಟಿನ ದ್ರಾವಣವನ್ನಿಟ್ಟು ಸೂಜಿಯಿಂದ ಮೆಲ್ಲಗೆ ಚುಚ್ಚಿ, ಎಲ್ಲಿ ಗಂಧೆ ಏಳುತ್ತದೆ ಎಂದು ನೋಡುತ್ತಿದ್ದೆವು. "ಹಚ್ಚೆ ಹಾಕೋರು ಬಂದಾರ ಬರ್ರೆ," ಎಂದು ಹುಡುಗಿಯರು ಒಬ್ಬರನ್ನೊಬ್ಬರು ಕೂಗಿ ಕರೆಯುತ್ತಿದ್ದರು. ಊದುವ ಯಂತ್ರವನ್ನು ಕಂಡು ಬೆಲ್ಲದ ಬಾಗೇವಾಡಿಯ ಒಬ್ಬಾಕೆ, "ಒಲಿ ಊದಿ ಊದಿ ನಮಗ ರೂಢಿ ಐತ್ರಿ ಅಕ್ಕಾರ, ಇದನ್ನ ಊದಾಕ ನನ್ನ ಗಂಡನ್ನ ಕರೀರಿ," ಎಂದದ್ದಕ್ಕೆ ಇಡೀ ಕಟ್ಟೆ ನಕ್ಕಿತ್ತು. ಹಾಸಿಗೆಗಳ ಧೂಳನ್ನು ಸಣ್ಣ ಯಂತ್ರದಿಂದ ಹೀರಿ, ಪೊಟ್ಟಣ ಕಟ್ಟಿ ಪ್ರಯೋಗಾಲಯಕ್ಕೆ ಕಳುಹಿಸುವುದೂ ನಮ್ಮ ಕೆಲಸಗಳಲ್ಲಿ ಒಂದು. ಆ ಧೂಳಿನಲ್ಲಿ ಕಣ್ಣಿಗೆ ಕಾಣದ ಹುಳಗಳಿರುತ್ತವೆ. ನಮ್ಮ ಮೈಯಿಂದ ಉದುರುವ ಚರ್ಮದ ಪುಡಿಯೇ ಅವುಗಳ ಆಹಾರ. ಅವುಗಳ ಮಲದ ಕಣಗಳು ಕೆಲವರ ಶ್ವಾಸನಾಳವನ್ನು ಕೆಣಕುತ್ತವೆ. ಎಲ್ಲರದನ್ನಲ್ಲ, ಕೆಲವರದನ್ನು. ಈ ‘ಕೆಲವರು’ ಎಂಬ ಪದ ಭಾಷಣಕ್ಕೆ ಒದಗುವಂಥದ್ದಲ್ಲ. ನಾನು ಅದನ್ನು ಬೇಗ ಕೈಬಿಟ್ಟೆ.

ಮಮದಾಪುರದ ಆಚೆಗಿನ ಒಂದು ಊರಿನಲ್ಲಿ ನೀಲವ್ವನ ಮನೆ. ಐವತ್ತು ದಾಟಿದ ಹೆಂಗಸು, ಹಣೆಯ ತುಂಬ ವಿಭೂತಿ, ಬಾಯಿ ತುಂಬ ತಮಾಷೆ. ಸುತ್ತಲಿನ ಊರುಗಳಿಗೆಲ್ಲ ಕೌದಿ ಹೊಲಿದುಕೊಡುವವಳು. ಯಾವ ಓಣಿಯಿಂದ ಬಂದ ಹಳೆಯ ಸೀರೆಯೇ ಇರಲಿ, ಆಕೆಯ ಪಡಸಾಲೆಯಲ್ಲಿ ಅದು ಮತ್ತೊಂದು ಓಣಿಯ ಧೋತರದ ಪಕ್ಕದಲ್ಲಿ ಕೂಡುತ್ತಿತ್ತು. ಜಾತಿಯ ಬಗ್ಗೆ ನಾನು ವೇದಿಕೆಯ ಮೇಲೆ ಹೇಳುತ್ತಿದ್ದುದನ್ನು ಆಕೆ ಏನೂ ಹೇಳದೆ ನೂಲಿನಲ್ಲಿ ಮಾಡುತ್ತಿದ್ದಳು. ಆದರೆ ಅದು ನನಗೆ ಆಗ ಹೊಳೆಯಲಿಲ್ಲ. ಆಕೆಯ ಸೊಸೆ ಸುಜಾತಾಳಿಗೆ ಮದುವೆಗೆ ಮೊದಲಿನಿಂದಲೂ ದಮ್ಮು. ದಿನವೂ ತಪ್ಪದೆ ಎಳೆದುಕೊಳ್ಳಬೇಕಾದ ಒಂದು ಪಂಪು, ಅಂದರೆ ಇನ್‌ಹೇಲರ್, ಉಸಿರು ಕಟ್ಟಿದಾಗ ಎಳೆದುಕೊಳ್ಳುವ ಇನ್ನೊಂದು ಪಂಪು, ಎರಡೂ ಆಕೆಯ ಬಳಿ ಇದ್ದವು. ಆಕೆ ಆಗ ಚೊಚ್ಚಲ ಬಸುರಿ. ಬಸುರಿಯಾದ್ದರಿಂದ ಮುಂಗೈಗೆ ಚುಚ್ಚುವ ಪರೀಕ್ಷೆಯನ್ನು ಮಾಡದೆ, ರಕ್ತವನ್ನಷ್ಟೇ ತೆಗೆದುಕೊಂಡೆವು. ಆ ಪರೀಕ್ಷೆಯ ಉತ್ತರ ಬರಲು ತಿಂಗಳುಗಳು ಹಿಡಿಯುತ್ತವೆಂದು ಡಾಕ್ಟರ್ ಸಾಹೇಬರು ಮೊದಲೇ ಹೇಳಿದ್ದರು.

ಧೂಳು ಹೀರಲು ನಾನು ಕೌದಿಯನ್ನು ಹಾಸಿದಾಗ ನೀಲವ್ವ ಬಾಗಿಲಿಗೆ ಒರಗಿ ನಿಂತು ನೋಡಿದಳು.

"ಇದೇನ್ರಿ ಅಕ್ಕಾರ, ಕೌದಿಗೂ ದವಾಖಾನಿ ಬಂತೇನು?"

"ಧೂಳ ತಗೋತೀವಿ ಅಷ್ಟ, ನೀಲವ್ವಾರ. ಕೌದಿಗೆ ಏನೂ ಆಗಂಗಿಲ್ಲ."

"ತಗೋರಿ ತಗೋರಿ. ಧೂಳ ಒಯ್ದರ ನನಗ ಒಗಿಯೂದು ಕಡಿಮಿ ಆತು. ದಸರಾಕ್ಕ ಹೊಳಿಗೆ ಹೋಗುವಾಗ ನಿಮ್ಮನ್ನೂ ಕರಕೊಂಡು ಹೋಗತೇನಿ."

ಅಂದು ಆಕೆ ಒಂದು ಕೌದಿಯನ್ನು ಮುಗಿಸುವುದರಲ್ಲಿದ್ದಳು. ಹೊಲಿಗೆ ಅಂಚಿನಿಂದ ಸುತ್ತುತ್ತ ಒಳಗೆ ಸಾಗಿಬಂದು ನಡುವೆ ಒಂದು ಅಂಗೈಯಷ್ಟು ಜಾಗ ಉಳಿದಿತ್ತು. ಅದು ಕೌದಿಯ ಹೊಟ್ಟೆ. ಆಕೆ ಒಳಗಿನಿಂದ ಒಂದು ಚೂರು ರೊಟ್ಟಿ ತಂದು, ಅದರೊಳಗಿಟ್ಟು, ಬಾಯಿ ಮುಚ್ಚಿ ಹೊಲಿದಳು. "ಹೊಟ್ಟಿ ಖಾಲಿ ಬಿಡಬಾರದ್ರಿ. ಹಸದ ಕೌದಿ ಹೊದ್ದಾವ್ರನ್ನ ಬೆಚ್ಚಗ ಇಡೂದಿಲ್ಲ," ಎಂದಳು. ಸುಜಾತಾ ನಕ್ಕು, "ನಮ್ಮತ್ತಿ ಕೌದಿಗೆ ಮೊದಲ ಉಣ್ಣಾಕ ಹಾಕ್ತಾರ, ಆಮ್ಯಾಲೆ ನಮಗ," ಎಂದಳು. ಅತ್ತೆ ಸೊಸೆಯರ ನಡುವೆ ಅಂಥ ಸಲಿಗೆ ಇತ್ತು. ಹುಟ್ಟಲಿರುವ ಕೂಸಿಗೆಂದು ತನ್ನ ಮದುವೆಯ ಸೀರೆಯನ್ನೇ ತೆಗೆದಿಟ್ಟಿರುವುದಾಗಿ ನೀಲವ್ವ ಹೇಳಿದಳು. ಚಿಕ್ಕ ಕೌದಿ, ಒಳಗೆ ಮೆತ್ತಗಾದ ಧೋತರ. ನಾನು ಆ ರೊಟ್ಟಿಯ ಚೂರನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡು ಮನೆಗೆ ಬಂದೆ.

ಶ್ರಾವಣದ ಹೊತ್ತಿಗೆ ಮೊದಲ ಸುತ್ತಿನ ಧೂಳಿನ ಲೆಕ್ಕ ಬಂತು. ಮಳೆಯ ತೇವ ಹಿಡಿದ ಹಾಸಿಗೆಗಳಲ್ಲಿ, ಅದರಲ್ಲೂ ಕೌದಿಗಳಲ್ಲಿ, ಧೂಳುಹುಳದ ಅಂಶ ಸಾಕಷ್ಟಿತ್ತು. ನಾನು ಉತ್ಸಾಹದಿಂದ ಎದ್ದು ನಿಂತೆ. ಡಾಕ್ಟರ್ ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದು ತೊಳಿಯೂಕಿಂತ ಮೊದಲಿನ ಲೆಕ್ಕ. ದಸರಾಕ್ಕ ಎಲ್ಲಾರೂ ಕೌದಿ ಒಗೀತಾರ. ಒಗದ ಮ್ಯಾಲೆ ಇನ್ನೊಮ್ಮೆ ನೋಡಬೇಕು. ರಕ್ತದ ರಿಪೋರ್ಟೂ ಬರಬೇಕು. ಹುಳ ಇರೂದು ಬ್ಯಾರೆ, ಆ ಹುಳದಿಂದನ ದಮ್ಮು ಬರೂದು ಬ್ಯಾರೆ. ಅಲ್ಲೀತನಕ ಹೊರಗ ಏನೂ ಹೇಳಬ್ಯಾಡ್ರಿ."

"ಜನಕ್ಕ ಉಪಯೋಗ ಆಗೂ ಮಾತನ್ನ ಮುಚ್ಚಿಡೂದು ಸರೀನಾ, ಸರ್?" ಎಂದೆ.

"ಮುಚ್ಚಿಡೂದಲ್ಲ. ನಮಗ ಇನ್ನೂ ಗೊತ್ತಾಗಿಲ್ಲ," ಎಂದರು.

ಹಳ್ಳಿಗಳಲ್ಲಿ ನನಗೆ ವಹಿಸಿದ್ದ ಕೆಲಸ ಎರಡೇ: ಜನರನ್ನು ಪರೀಕ್ಷೆಗೆ ಒಪ್ಪಿಸುವುದು, ಪಂಪು ಇದ್ದವರು ಅದನ್ನು ಸರಿಯಾಗಿ, ತಪ್ಪದೆ ಎಳೆದುಕೊಳ್ಳುತ್ತಿದ್ದಾರೆಯೇ ಎಂದು ಕೇಳಿ ನೋಡುವುದು. ಆದರೆ ಸಂಶಯವನ್ನು ಹೇಡಿತನವೆಂದು ತಿಳಿಯುವ ವಯಸ್ಸು ನನ್ನದು. ಮೊದಲು ಮೂಡಲಗಿಯ ಕಡೆಯ ಒಂದು ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಕೌದಿಯ ಮಾತನ್ನು ಎತ್ತಿದೆ. ಜನ ಕಿವಿ ನಿಮಿರಿಸಿ ಕೇಳಿದರು. ಹುಕ್ಕೇರಿಯ ಕಡೆ ಹೋದಾಗ ಆ ಮಾತಿಗೆ ರೊಟ್ಟಿಯ ಚೂರನ್ನು ಸೇರಿಸಿದೆ. ಜನ ನಕ್ಕರು, ಬೆಚ್ಚಿದರು, ಚಪ್ಪಾಳೆ ತಟ್ಟಿದರು. ಯಾವ ವಾಕ್ಯ ಎಲ್ಲಿ ತಾಗುತ್ತದೆಂದು ತಿಳಿಯುತ್ತ ಹೋದಂತೆ ನಾನು ಅದನ್ನು ತಿದ್ದಿ ತೀಡಿದೆ. ನೀಲವ್ವನ ಊರಿಗೆ ಬರುವಷ್ಟರಲ್ಲಿ ಅದು ಪೂರ್ಣವಾಗಿ ಸಿದ್ಧವಾಗಿತ್ತು.

ಸಮುದಾಯ ಭವನದಲ್ಲಿ ಸಭೆ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಊರಿನ ಹೆಂಗಸರೆಲ್ಲ. ನೀಲವ್ವ ಮುಂದಿನ ಸಾಲಿನಲ್ಲಿ, ಹತ್ತಿರದಲ್ಲಿಯೇ ಸುಜಾತಾ. ಕೌದಿಯ ಧೂಳಿನಿಂದಲೇ ದಮ್ಮು ಬರುತ್ತದೆಂದು ನಾನು ಹೇಳುತ್ತಿದ್ದೆ; ಮಾತು ಮುಗಿಸುವ ಮೊದಲೇ ನೀಲವ್ವ ಎದ್ದಳು. ಸಿಟ್ಟಿರಲಿಲ್ಲ, ನಗುತ್ತಲೇ ಕೇಳಿದಳು.

"ಅಕ್ಕಾರ, ನಮ್ಮವ್ವ, ನಾನು, ಈ ಊರ ಮಂದಿ ಎಲ್ಲಾ ಕೌದ್ಯಾಗ ಮಕ್ಕೊಂಡ ದೊಡ್ಡಾವ್ರಾಗೇವಿ. ನಮಗ್ಯಾಕ ದಮ್ಮು ಬರಲಿಲ್ಲ?"

ಈ ಪ್ರಶ್ನೆ ನಮ್ಮ ಅಧ್ಯಯನದ್ದೇ ಪ್ರಶ್ನೆ. ಒಂದು ಕ್ಷಣ ನಿಂತು ಯೋಚಿಸಿದ್ದರೆ, ‘ಅದು ನಮಗೂ ಇನ್ನೂ ಗೊತ್ತಿಲ್ಲ’ ಎಂಬ ಪ್ರಾಮಾಣಿಕ ಉತ್ತರ ನನ್ನ ಬಳಿಯೇ ಇತ್ತು. ಆದರೆ ಅಭ್ಯಾಸ ನನಗಿಂತ ವೇಗವಾಗಿತ್ತು.

"ಬೀಡಿ ಸೇದಿದಾವ್ರಿಗೆಲ್ಲಾ ರೋಗ ಬರೂದಿಲ್ಲ, ನೀಲವ್ವಾರ. ಹಂಗಂತ ಬೀಡಿ ಚೊಲೋ ಅನ್ನಾಕ ಬರತೈತೇನು?"

ನಗು ಎದ್ದಿತು. ನೀಲವ್ವ, "ಬೀಡಿ ಬ್ಯಾರೆ, ಕೌದಿ ಬ್ಯಾರೆ," ಎಂದು ಏನನ್ನೋ ಹೇಳಲು ಹೊರಟಳು. ನಾನು ಆಕೆಗೆ ಅವಕಾಶ ಕೊಡಲಿಲ್ಲ. ಸಭೆಯ ಕಡೆಗೆ ತಿರುಗಿ, ನಿಧಾನವಾಗಿ, ಪ್ರತಿಯೊಂದು ಪದವನ್ನೂ ಬಿಡಿಸಿ ಹೇಳಿದೆ: "ನೀವು ಕೌದಿ ಹೊಟ್ಟಿಗೆ ರೊಟ್ಟಿ ಇಡ್ತೀರಿ. ಆ ರೊಟ್ಟಿ ತಿಂದ ಹುಳ ನಿಮ್ಮ ಮಕ್ಕಳ ಉಸರು ತಿಂತೈತಿ."

ಆಮೇಲೆ ಹಿಂದಿನ ಸಾಲಿನಿಂದ ಯಾರೋ ಚುಡಾಯಿಸುವ ದನಿಯಲ್ಲಿ ಅಂದರು: "ಹಂಗಾರ ನೀಲವ್ವತ್ತಿ, ಸೊಸಿಗೆ ದಮ್ಮು ನೀನ ಹೊಲದು ಕೊಟ್ಟೀದಿ ಬಿಡು."

ಎಲ್ಲರೂ ನಕ್ಕರು. ಸುಜಾತಾಳ ದಮ್ಮು ಆಕೆ ಈ ಮನೆಗೆ ಬರುವ ಮೊದಲಿನದೆಂದು ನನಗೆ ಗೊತ್ತಿತ್ತು. ಅದನ್ನು ಹೇಳುವುದಕ್ಕೆ ಒಂದೇ ಒಂದು ವಾಕ್ಯ ಸಾಕಿತ್ತು. ನಗು ನನ್ನ ಪರವಾಗಿ ಇತ್ತು; ನಾನು ಅದನ್ನು ನಿಲ್ಲಿಸಲಿಲ್ಲ. ನೀಲವ್ವ ಸೊಸೆಯ ಮುಖವನ್ನೊಮ್ಮೆ ನೋಡಿದಳು, ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು, ಕುಳಿತಳು. ನಾನು ಅದನ್ನು ಒಪ್ಪಿಗೆಯೆಂದು ತಿಳಿದೆ.

ಮರುದಿನ ಬೆಳಿಗ್ಗೆ ಆ ಮನೆಯ ಕೌದಿಗಳೆಲ್ಲ ತಿಪ್ಪೆಯ ಬದಿಯಲ್ಲಿ ಬೆಂಕಿಗೆ ಹೋದವು. ಮಗ ಬಸವರಾಜ ಬೇಡವೆಂದರೂ ನೀಲವ್ವನೇ ಒಂದೊಂದಾಗಿ ಹೊರಗೆ ತಂದು ಹಾಕಿದಳಂತೆ. ಊರಿನ ಇನ್ನು ಕೆಲವರೂ ಹಾಗೆಯೇ ಮಾಡಿದರು. ಎರಡು ವಾರದೊಳಗೆ ರೋಮದ ಹೊದಿಕೆಗಳನ್ನು ಮಾರುವವನೊಬ್ಬ ಟೆಂಪೋ ತಂದ. "ಹುಳ ಹತ್ತಂಗಿಲ್ಲ, ದಮ್ಮು ಬರಂಗಿಲ್ಲ, ಬರ್ರಿ ಅಕ್ಕಾ ಬರ್ರಿ" ಎಂದು ಅವನ ಧ್ವನಿವರ್ಧಕ ಓಣಿ ಓಣಿಯಲ್ಲಿ ಕೂಗಿತು. ನನ್ನ ಮಾತು ನನಗಿಂತ ಮುಂದೆ ಹೋಗಿತ್ತು. ಅದರಿಂದ ನನಗೆ ಆಗ ಹೆಮ್ಮೆಯೇ ಆಯಿತು.

ಆಮೇಲೊಮ್ಮೆ ಸುಜಾತಾಳ ಕೋಣೆಗೆ ಹೋದಾಗ ಹಾಸಿಗೆಯ ಮೇಲೆ ಹೊಳೆಯುವ ಹೊಸ ಹೊದಿಕೆ ಇತ್ತು. ಪಡಸಾಲೆಯಲ್ಲಿ ಬಟ್ಟೆಯ ಗಂಟುಗಳಿರಲಿಲ್ಲ. ಸುಜಾತಾ, "ಈಗ ರೋಗದ ಬೇರ ಹೋತಲ್ರಿ, ಆರಾಮ ಅನಸಾಕತ್ತೈತಿ," ಎಂದಳು. ನಾನು ಆಕೆಯ ಬೆನ್ನು ತಟ್ಟಿದೆ, ಮೂರು ತಾಲೂಕಿಗೇ ನಿಮ್ಮ ಮನೆ ಮಾದರಿ ಎಂದು ಹೊಗಳಿದೆ. ಪಂಪು ಎಳೆದುಕೊಳ್ಳುತ್ತಿದ್ದೀಯಾ ಎಂದು ಕೇಳಲಿಲ್ಲ. ಅದೊಂದನ್ನು ಕೇಳುವುದಕ್ಕೇ ನನ್ನನ್ನು ಆ ಮನೆಗೆ ಕಳುಹಿಸಿದ್ದರು.

ಆಕೆ ಅದನ್ನು ನಿಲ್ಲಿಸಿದ್ದಳು. ರೋಗದ ಬೇರೇ ಸುಟ್ಟುಹೋದ ಮೇಲೆ ಬಸುರಿಗೆ ಔಷಧ ಏಕೆಂದು ಓಣಿಯ ಹೆಂಗಸರು ಕೇಳಿದ್ದರು. ಅದು ಆಕೆಗೂ ಸರಿಯೆನ್ನಿಸಿತ್ತು.

ದಸರೆಗೆ ಮೊದಲು ಬರುವ ಉತ್ತರಿ ಮಳೆ ಆ ವರ್ಷ ಬಿಡದೆ ಹಿಡಿಯಿತು. ಮುರಿದು ತಂದ ಗೋವಿನಜೋಳವನ್ನು ಒಣಗಿಸಲು ಬಿಸಿಲಿಲ್ಲದೆ, ಎಲ್ಲ ಮನೆಗಳಂತೆ ನೀಲವ್ವನ ಮನೆಯಲ್ಲೂ ತೆನೆಗಳನ್ನು ಪಡಸಾಲೆಯಲ್ಲಿ ರಾಶಿ ಹಾಕಿದ್ದರು. ತೇವಕ್ಕೆ ಅದು ಬೂಷ್ಟು ಹಿಡಿದಿತ್ತು. ಒಂದು ಮಧ್ಯಾಹ್ನ ಸುಜಾತಾ ಆ ರಾಶಿಯನ್ನು ಕೈಯಿಂದ ತಿರುವಿ ಹಾಕುತ್ತಿದ್ದಾಗ ಉಸಿರು ಕಟ್ಟಿತು. ಬಸವರಾಜ ಪಕ್ಕದ ಮನೆಯ ಟಂಟಂ ಆಟೋ ಹತ್ತಿಸಿ ಘಟಪ್ರಭಾದ ಆಸ್ಪತ್ರೆಗೆ ಕರೆತಂದು, ದಾರಿಯಿಂದಲೇ ನನಗೆ ಫೋನು ಮಾಡಿದ. ನಾನು ಕಚೇರಿಯಿಂದ ಓಡಿದೆ.

ಮೂಗಿಗೆ ಆಮ್ಲಜನಕ, ಬಾಯಿಗೆ ಹಬೆಯ ಔಷಧ. ಹೆಗಲುಗಳು ಏರಿ ಇಳಿಯುತ್ತಿದ್ದವು, ಕುತ್ತಿಗೆಯ ನರಗಳು ಹಗ್ಗದಂತೆ ಎದ್ದಿದ್ದವು. ಮಾತನಾಡಲು ಆಕೆಗೆ ಗಾಳಿ ಸಾಲುತ್ತಿರಲಿಲ್ಲ. ಒಂದು ಕೈ ಹೊಟ್ಟೆಯ ಮೇಲಿತ್ತು. ಉಸಿರಾಟ ಒಂದು ಹದಕ್ಕೆ ಬರಲು ಸಂಜೆಯಾಯಿತು. ಸುದ್ದಿ ತಿಳಿದು ಬಂದ ಡಾಕ್ಟರ್ ಸಾಹೇಬರು ಮೆಲ್ಲಗೆ ಕೇಳಿದರು, "ದಿನದ ಪಂಪು ತಗೋತಿದ್ದೇನವಾ?"

"ಕೌದಿ ಸುಟ್ಟೇವಲ್ರಿ," ಎಂದಳು ಸುಜಾತಾ. "ಇನ್ಯಾಕ ಅಂತ ಬಿಟ್ಟಿದ್ನಿ."

ಅವರು ನನ್ನತ್ತ ನೋಡಲಿಲ್ಲ. ಹೊರಗೆ ಬಂದ ಮೇಲೆ ಹೇಳಿದ್ದು ಇಷ್ಟೇ: "ನಾವು ಎಣಿಸಿದ್ದು ಅರ್ಧ. ನೀವು ಹೇಳಿದ್ದು ಪೂರ್ತಿ." ಬೈದಿದ್ದರೆ ನಾನು ವಾದಿಸುತ್ತಿದ್ದೆ. ಅವರು ಬೈಯಲಿಲ್ಲ.

ನೀಲವ್ವ ಎಲ್ಲಿ ಎಂದು ಹುಡುಕಿದೆ. ಆಸ್ಪತ್ರೆಯ ಗೇಟಿನ ಹೊರಗೆ, ಮುಚ್ಚಿದ ಅಂಗಡಿಯೊಂದರ ತಗಡಿನ ಕೆಳಗೆ ನಿಂತಿದ್ದಳು. ಮಳೆಯ ಇರಚಲಿಗೆ ಅರ್ಧ ನೆನೆದಿದ್ದಳು.

"ಒಳಗ ಬರ್ರಿ, ನೀಲವ್ವಾರ. ಈಗ ಆರಾಮ ಅದಾಳ."

"ನಾ ಬರಂಗಿಲ್ರಿ. ಹುಟ್ಟಾ ಹಳೀ ಅರಬಿ-ಬಟ್ಟಿ ಮುಟ್ಟಿದ ಕೈ. ನನ್ನ ಸೀರ್‍ಯಾಗ ಇನ್ನೂ ಆ ಧೂಳ ಇರತೈತಿ. ನೀವ ಹೋಗ್ರಿ, ನಿಮ್ಮ ಅರಬಿ ಸ್ವಚ್ಛ ಅದಾವು."

ಒತ್ತಾಯಿಸಿದೆ. ಆಕೆ ಎರಡು ಹೆಜ್ಜೆ ಹಿಂದೆ ಸರಿದಳು. ಮನೆಯಲ್ಲೂ ಕೆಲವು ವಾರಗಳಿಂದ ಹಾಗೆಯೇ ಎಂದು ಬಸವರಾಜ ಆಮೇಲೆ ಹೇಳಿದ: ಸೊಸೆಯ ಕೋಣೆಗೆ ಕಾಲಿಡುವುದಿಲ್ಲ, ಊಟದ ತಾಟನ್ನು ಹೊಸ್ತಿಲಲ್ಲಿಟ್ಟು ದೂರ ನಿಲ್ಲುತ್ತಾಳೆ. ತಲೆಗೆ ಎಣ್ಣೆ ಹಚ್ಚುವುದು, ಕಾಲು ಒತ್ತುವುದು ಎಲ್ಲವೂ ನಿಂತಿದೆ. ಬಸುರಿ ಸೊಸೆಗೆ ಯಾವ ಕಾಲದಲ್ಲಿ ಆ ಕೈ ಬೇಕಿತ್ತೋ ಆ ಕಾಲದಲ್ಲೇ ಅದು ತನ್ನನ್ನು ತಾನು ಹಿಂದಕ್ಕೆ ಎಳೆದುಕೊಂಡಿತ್ತು. ಅಸ್ಪೃಶ್ಯತೆಯ ವಿರುದ್ಧ ಬಹುಮಾನ ಗೆದ್ದ ಭಾಷಣಗಳನ್ನು ಮಾಡಿದವಳು ನಾನು. ಒಂದು ಮನೆಯೊಳಗೆ, ಒಬ್ಬ ತಾಯಿಯ ಸುತ್ತ, ಅಂಥದ್ದೇ ಒಂದು ಗೆರೆಯನ್ನು ನಾನೇ ಎಳೆದಿದ್ದೆ.

ದಸರೆ ಮುಗಿಯಿತು. ಎರಡನೆಯ ಸುತ್ತಿನ ಧೂಳು ತೆಗೆದೆವು, ಉಳಿದ ಉತ್ತರಗಳೂ ಬಂದವು. ಹೊಳೆಯಲ್ಲಿ ತೊಳೆದು ಒಳ್ಳೆಯ ಬಿಸಿಲಿಗೆ ಹಾಕಿ ತೆಗೆದ ಕೌದಿಗಳಲ್ಲಿ ಹುಳದ ಅಂಶ ಬಹಳವಾಗಿ ಇಳಿದಿತ್ತು. ಯಾರೂ ಒಗೆಯಲು ಮನಸ್ಸು ಮಾಡದ ಹೊಸ ಹೊದಿಕೆಗಳು ತಾವೂ ಧೂಳು ಹಿಡಿಯತೊಡಗಿದ್ದವು. ದಮ್ಮಿದ್ದವರಲ್ಲಿ ಕೆಲವರ ರಕ್ತ ಧೂಳುಹುಳಕ್ಕೆ ಪ್ರತಿಕ್ರಿಯೆ ತೋರಿಸಿತ್ತು, ಕೆಲವರದು ಪರಾಗಕ್ಕೆ, ಕೆಲವರದು ಯಾವುದಕ್ಕೂ ಇಲ್ಲ. ಸುಜಾತಾಳದು ಬೂಷ್ಟಿಗೆ. ಧೂಳುಹುಳಕ್ಕೆ ಆಕೆಯ ರಕ್ತದಲ್ಲಿ ಏನೂ ಇರಲಿಲ್ಲ. "ಇದೂ ಪೂರ್ತಿ ಉತ್ತರ ಅಲ್ಲ," ಎಂದರು ಡಾಕ್ಟರ್ ಸಾಹೇಬರು, "ಆದರ ಆಕಿ ದಮ್ಮಿಗೂ ಕೌದಿಗೂ ಸಂಬಂಧ ಐತಿ ಅನ್ನಾಕ ನಮ್ಮ ಕಡೆ ಏನೂ ಇಲ್ಲ."

ಸಂಕ್ರಾಂತಿಯ ಹೊತ್ತಿಗೆ ಸುಜಾತಾಳಿಗೆ ಹೆಣ್ಣುಕೂಸು ಹುಟ್ಟಿತು. ಇಬ್ಬರೂ ಕ್ಷೇಮ, ಪಂಪನ್ನು ಆಕೆ ಮತ್ತೆ ಬಿಟ್ಟಿರಲಿಲ್ಲ. ನಾನು ನೀಲವ್ವನನ್ನು ಕಂಡು ಎಲ್ಲವನ್ನೂ ವಿವರಿಸಿದೆ. ನನ್ನ ಜೀವನದಲ್ಲಿ ಅಷ್ಟು ಶ್ರದ್ಧೆಯಿಂದ ನಾನು ಯಾವ ವಾದವನ್ನೂ ಮಂಡಿಸಿರಲಿಲ್ಲ. ಆ ಹುಳಗಳು ರೊಟ್ಟಿಯಿಂದ ಬದುಕುವುದಿಲ್ಲವೆಂದೆ, ಸುಜಾತಾಳ ರೋಗ ಮದುವೆಗೆ ಮೊದಲಿನದೆಂದೆ, ರಕ್ತ ಏನು ಹೇಳುತ್ತದೆಂದು ತಿಳಿಸಿದೆ, ಕೈ ಮುಗಿದೆ. ಆಕೆ ಎಲ್ಲವನ್ನೂ ಸಾವಧಾನವಾಗಿ ಕೇಳಿದಳು.

"ನನ್ನ ಸಮಾಧಾನಕ್ಕ ಹೇಳಾಕತ್ತೀರಿ ಅಕ್ಕಾರ. ಇರಲಿ ಬಿಡ್ರಿ."

"ಖರೆ ಹೇಳಾಕತ್ತೇನ್ರಿ. ಅವತ್ತ ಹೇಳಿದ್ದು ತಪ್ಪಿತ್ತು."

"ಅವತ್ತ ಅಷ್ಟು ಮಂದಿ ಮುಂದ ಹೇಳಿದ್ರಿ," ಎಂದಳು ನೀಲವ್ವ. "ಇವತ್ತ ನನಗ ಒಬ್ಬಾಕಿಗೆ ಹೇಳಾಕತ್ತೀರಿ. ಯಾವುದು ಖರೆ ಅನ್ನಲಿ?"

ಒಳಗಿನಿಂದ ಸುಜಾತಾ, "ಅತ್ತಿ, ಕೂಸಿನ್ನ ತಗೋರಿ, ನಾ ಹೇಳತೇನಲ್ಲ, ನನಗ ಏನೂ ಆಗಂಗಿಲ್ಲ," ಎಂದು ಕರೆದಳು. ನೀಲವ್ವ ಹೊಸ್ತಿಲವರೆಗೆ ಹೋಗಿ, ಕೂಸನ್ನು ನೋಡಿ, ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡೇ ನಿಂತಳು.

ಅದೇ ಭವನದಲ್ಲಿ ಮತ್ತೊಂದು ಸಭೆ ಕರೆದೆ. ಕಬ್ಬು ಕಡಿಯುವ ಸುಗ್ಗಿ, ಬಂದವರು ಬೆರಳೆಣಿಕೆಯಷ್ಟು. ನನ್ನ ಮಾತು ತಪ್ಪಾಗಿತ್ತು ಎಂದು ಎದ್ದು ನಿಂತು ಹೇಳಿದೆ. ಒಬ್ಬಾಕೆ, "ಡಾಕ್ಟರ್ ಮಂದಿ ಇವತ್ತೊಂದು ನಾಳೆ ಒಂದು," ಎಂದು ಆಕಳಿಸಿದಳು. ನೀಲವ್ವ ಬರಲಿಲ್ಲ. ತಪ್ಪನ್ನು ಒಂದೇ ಚುರುಕಾದ ವಾಕ್ಯದಲ್ಲಿ ಹೇಳಿದ್ದೆ. ನಿಜವನ್ನು ಹೇಳುವುದಕ್ಕೆ ‘ಕೆಲವರಿಗೆ’, ‘ಕೆಲವೊಮ್ಮೆ’, ‘ತೊಳೆದರೆ’, ‘ಇನ್ನೂ ತಿಳಿಯಬೇಕು’ ಎಂಬ ಪದಗಳು ಬೇಕು, ಮತ್ತು ಆ ಪದಗಳನ್ನು ಯಾರೂ ಮನೆಗೆ ಒಯ್ಯುವುದಿಲ್ಲ. ಅಧ್ಯಯನ ಮುಗಿದು ನಾವು ಹೊರಟುಹೋದೆವು. ಬೇರೆ ಊರಿನ ನೌಕರಿ, ಬೇರೆ ಕೆಲಸ. ಸುಜಾತಾ ಆಗಾಗ ಫೋನು ಮಾಡುತ್ತಾಳೆ. ಕೂಸು ಈಗ ಶಾಲೆಗೆ ಹೋಗುತ್ತದೆ. ಅಜ್ಜಿಯ ಮಗ್ಗುಲಲ್ಲಿ ಮಲಗುತ್ತೇನೆಂದು ಹಟ ಮಾಡಿದರೆ ಅಜ್ಜಿ ಎದ್ದು ಕಟ್ಟೆಗೆ ಹೋಗಿ ಕೂರುತ್ತಾಳಂತೆ. ಸೂಜಿಯನ್ನು ನೀಲವ್ವ ಮತ್ತೆ ಹಿಡಿದಿಲ್ಲ.

ನಾನೊಬ್ಬಳು ಹೇಳಿದರೆ ಆಕೆ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಆ ಮಾತು ಆಕೆಯನ್ನು ತಲುಪಿದ್ದು ನೂರು ಬಾಯಿಗಳಿಂದ. ಅದು ಸುಳ್ಳೆಂಬುದೂ ಹಾಗೆಯೇ ತಲುಪಬೇಕು. ಆದ್ದರಿಂದ ಓದುಗರಲ್ಲಿ ನನ್ನ ಬೇಡಿಕೆ ಇದು. ನಿಮ್ಮ ಮನೆಯಲ್ಲಿ ದಮ್ಮಿನವರಿದ್ದರೆ, ಯಾರ ಭಾಷಣ ಕೇಳಿಯೂ, ವೈದ್ಯರನ್ನು ಕೇಳದೆ ಪಂಪನ್ನು ನಿಲ್ಲಿಸಬೇಡಿ. ಕೌದಿ ಇದ್ದರೆ ಸುಡಬೇಡಿ. ತೊಳೆದು ಬಿಸಿಲಿಗೆ ಹಾಕಿ. ಮತ್ತು ಬಸ್ಸಿನಲ್ಲೋ ಕಟ್ಟೆಯಲ್ಲೋ ಮದುವೆಯ ಪಂಕ್ತಿಯಲ್ಲೋ, ಕೌದಿಯ ಹೊಟ್ಟೆಯ ಹುಳದ ಆ ಮಾತನ್ನು ಯಾರಾದರೂ ಆಡಿದರೆ, ನನ್ನಂತೆ ಸುಮ್ಮನೆ ಕುಳಿತಿರಬೇಡಿ. ಅದು ತಪ್ಪು, ಅದನ್ನು ಹೇಳಿದವಳೇ ತಪ್ಪೆಂದು ಬರೆದಿದ್ದಾಳೆ ಎಂದು, ನಾಲ್ಕು ಮಂದಿ ಇರುವಾಗಲೇ, ಅವರೆಲ್ಲರಿಗೂ ಕೇಳುವಂತೆ ಹೇಳಿ.